ಹುಬ್ಬಳ್ಳಿಯಲ್ಲಿ ಸಿಗುವ, ನಾಯಿಗೆ ಹಾಕುವ ಖಂಡದ ಫ್ರೋಜನ್ ಪೊಟ್ಟಣ: ಯಾವುದು ಕೊಳ್ಳಬೇಕು, ಯಾವುದು ಬಿಡಬೇಕು

ಹುಬ್ಬಳ್ಳಿ-ಧಾರವಾಡದಲ್ಲಿ ನಾಯಿಗೆಂದೇ ಅರೆದು ಫ್ರೀಜ್ ಮಾಡಿದ ಹಸಿ ಖಂಡದ ಪೊಟ್ಟಣ ಮನೆ ಬಾಗಿಲಿಗೇ ಬರುತ್ತದೆ. ಅರ್ಧ ಕಿಲೋ, ಒಂದು ಕಿಲೋ ಅಳತೆ. ಎಲುಬು ಸೇರಿಸಿ ಅರೆದ ಚಿಕನ್, ಬೋನ್‌ಲೆಸ್ ಚಿಕನ್, ಕುರಿ-ಆಡಿನ ಒಳಖಂಡದ ಮಿಕ್ಸ್ ಎಂದು ಮೂರು ಬಗೆ. ಮಾರುವವರ ಹೆಸರು ಇಲ್ಲಿ ಬೇಡ, ಗುಣದೋಷ ಪೊಟ್ಟಣದ ಬಗೆಗೆ ಸೇರಿದ್ದು. ಓಡುವ ಮುಧೋಳ, ಕುರಿದಡ್ಡಿ ಕಾಯುವ ನಾಯಿ, ತೋಟ-ಗೋದಾಮಿನ ಕಾವಲು ನಾಯಿ ಸಾಕಿದವರನ್ನು ಕಣ್ಣ ಮುಂದಿಟ್ಟುಕೊಂಡು ಬರೆದದ್ದಿದು.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಊರೊಳಗೆ ಒಂದೆರಡು ನಾಯಿ ಇದ್ದು, ಕತ್ತರಿಸಿ ತೂಗಲು ಪುರುಸೊತ್ತಿಲ್ಲದಿದ್ದರೆ ಎಲುಬು ಸೇರಿದ ಚಿಕನ್ ಪೊಟ್ಟಣ ಕೊಳ್ಳಬಹುದು. ಮೂರು ನಾಯಿ ದಾಟಿದರೆ ಚಿಕನ್ ಸೆಂಟರಿನವನ ಜೊತೆ ವಾರದ ಮಾತು ಮಾಡಿಕೊಳ್ಳುವುದೇ ಲಾಭ. ಬೋನ್‌ಲೆಸ್ ಪೊಟ್ಟಣಕ್ಕೆ ದುಡ್ಡು ಹಾಕಬೇಡಿ. ಒಳಖಂಡದ ಮಿಕ್ಸ್ ಹಸಿಯಾಗಿ ಹಾಕಲೇಬೇಡಿ.

ಬೋನ್‌ಲೆಸ್‌ಗೆ ದರ ಎಲ್ಲಕ್ಕಿಂತ ಹೆಚ್ಚು, ನಾಯಿಗೆ ಅದೇ ಎಲ್ಲಕ್ಕಿಂತ ಕೊರತೆಯ ಊಟ. ಒಂದು ಕಿಲೋ ಬರೀ ಖಂಡದಲ್ಲಿ ರಂಜಕ (ಫಾಸ್ಫರಸ್) ಸುಮಾರು 2 ಗ್ರಾಂ ಇರುತ್ತದೆ, ಕ್ಯಾಲ್ಸಿಯಂ ಅದರ ಹತ್ತರಲ್ಲೊಂದು ಪಾಲೂ ಸಿಗುವುದು ಕಷ್ಟ. ನಾಯಿಗೆ ಬೇಕಾದದ್ದು ರಂಜಕಕ್ಕಿಂತ ಸ್ವಲ್ಪ ಹೆಚ್ಚು ಕ್ಯಾಲ್ಸಿಯಂ, 1.2ಕ್ಕೆ 1ರ ಲೆಕ್ಕ. ಆ ಕೊರತೆಯನ್ನು ದೇಹ ತನ್ನ ಎಲುಬಿನಿಂದಲೇ ಕಿತ್ತು ತುಂಬಿಕೊಳ್ಳುತ್ತದೆ. ಬೆಳೆದ ನಾಯಿಯಲ್ಲಿ ತಿಂಗಳುಗಟ್ಟಲೆ ಏನೂ ಕಾಣುವುದಿಲ್ಲ. ಮರಿಯಲ್ಲಿ ಕೆಲವೇ ವಾರದಲ್ಲಿ ಮುಂಗಾಲು ಬಾಗಿ ನಡಿಗೆ ಕುಂಟುತ್ತದೆ. ಈಗಾಗಲೇ ತಂದಿದ್ದರೆ ಮೊಟ್ಟೆ ಸಿಪ್ಪೆ ಸಾಕು: ಹತ್ತು ನಿಮಿಷ ಕುದಿಸಿ, ಒಣಗಿಸಿ, ಮಿಕ್ಸರಿನಲ್ಲಿ ಹಿಟ್ಟಿನಷ್ಟು ನುಣ್ಣಗೆ ಮಾಡಿ, ಕಿಲೋ ಖಂಡಕ್ಕೆ ಸುಮಾರು 6 ಗ್ರಾಂ, ಅಂದರೆ ಒಂದು ಟೀ ಚಮಚ ಬೆರೆಸಿ. ತರಿತರಿ ಉಳಿದರೆ ಪೂರ್ತಿ ಜೀರ್ಣವಾಗದೆ ಹೊರಗೆ ಹೋಗುತ್ತದೆ.

ಎಲುಬಿನ ಪೊಟ್ಟಣದಲ್ಲಿ ನೋಡಬೇಕಾದದ್ದು ಪಾಲು. ಒಳ್ಳೆಯದರಲ್ಲಿ ಎಲುಬು ನೂರಕ್ಕೆ 10ರ ಸುತ್ತ, ಲಿವರ್ 5, ಬೇರೆ ಒಳಖಂಡ 5, ಉಳಿದದ್ದು ಖಂಡ ಮತ್ತು ಗುಂಡಿಗೆ-ಗಿಜರ್ಡ್ ಇರುತ್ತದೆ. ಚೀಟಿಯ ಮೇಲೆ ಬರೀ ‘ಚಿಕನ್ ಮಿಕ್ಸ್’ ಎಂದಿದ್ದು ಪಾಲು ಬರೆದಿಲ್ಲವಾದರೆ ಅದು ಬಹುಪಾಲು ಬೆನ್ನೆಲುಬಿನ ಚೂರೇ ಇರಬಹುದು. ಎರಡು ದಿನದಲ್ಲಿ ಮಲವೇ ಸಾಕ್ಷಿ ಹೇಳುತ್ತದೆ: ಬಿಳಿಚಿಕೊಂಡು ಸುಣ್ಣದ ಹಾಗೆ ಪುಡಿಯಾದರೆ ಎಲುಬು ಜಾಸ್ತಿ, ಕಪ್ಪಗೆ ತೆಳ್ಳಗೆ ಹೋದರೆ ಲಿವರ್ ಜಾಸ್ತಿ. ಮೊದಲನೆಯದಕ್ಕೆ ನಾಯಿ ಮುಕ್ಕರಿಯುತ್ತದೆ. ಅಂಥ ಪೊಟ್ಟಣಕ್ಕೆ ಬರೀ ಖಂಡ ಬೆರೆಸಿ ತೆಳು ಮಾಡಿ.

ಪೊಟ್ಟಣ ದಾರಿಯಲ್ಲಿ ಕರಗಿ ಮತ್ತೆ ಹೆಪ್ಪುಗಟ್ಟಿದೆಯೇ ಎಂಬುದನ್ನು ಡೆಲಿವರಿ ಹುಡುಗ ಹೋಗುವ ಮೊದಲೇ ನೋಡಿ. ಒಂದು ಮೂಲೆಯಲ್ಲಿ ಕೆಂಪು ನೀರು ಪ್ರತ್ಯೇಕ ಗಡ್ಡೆಯಾಗಿ ನಿಂತಿದ್ದರೆ, ಒಳಗೆ ದೊಡ್ಡ ದೊಡ್ಡ ಮಂಜಿನ ಹರಳು ಕಂಡರೆ ವಾಪಸ್ ಕೊಡಿ. ಕರಗಿಸುವುದು ಫ್ರಿಜ್ಜಿನ ಕೆಳತಟ್ಟಿನಲ್ಲೇ, ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಹಿಂದಿನ ಸಂಜೆಯೇ ಇಟ್ಟು. ಕಟ್ಟೆಯ ಮೇಲೆ ಇಟ್ಟರೆ ಹೊರಗಿನ ಪದರ ಕೆಡುತ್ತಿರುವಾಗ ನಡುವೆ ಇನ್ನೂ ಕಲ್ಲೇ ಇರುತ್ತದೆ. ಇನ್ನೊಂದು, ಫ್ರೀಜ್ ಮಾಡಿದ್ದೇವೆ ಆದ್ದರಿಂದ ರೋಗಾಣು ಇಲ್ಲ ಎಂದು ಮಾರುವವರು ಹೇಳುವುದನ್ನು ನಂಬಬೇಡಿ. ಸಾಲ್ಮೊನೆಲ್ಲಾ ಚಳಿಗೆ ನಿದ್ದೆ ಮಾಡುತ್ತದೆ, ಪೂರ್ತಿ ಸಾಯುವುದಿಲ್ಲ. ನಾಯಿಗೆ ಏನೂ ಆಗದೆ ಮನೆಯ ಮಗುವಿಗೆ ಭೇದಿ ಹಚ್ಚಿಕೊಳ್ಳಬಹುದು. ಅರ್ಧ ಗಂಟೆಯಲ್ಲಿ ತಿನ್ನದ್ದನ್ನು ಎತ್ತಿಬಿಡಿ, ತಟ್ಟೆ ಬಿಸಿನೀರು-ಸೋಪಿನಲ್ಲಿ ತೊಳೆಯಿರಿ.

ಇನ್ನು ಕುರಿ-ಆಡಿನ ಕಲೀಜಾ (ಲಿವರ್), ಫೇಪ್ಸಾ (ಶ್ವಾಸಕೋಶ) ತುಂಬಿದ ಮಿಕ್ಸ್. ಇದು ಅಗ್ಗ, ನಾಯಿಯೂ ಮೇಲೆಬಿದ್ದು ತಿನ್ನುತ್ತದೆ. ತೊಂದರೆ ಹೈಡಾಟಿಡ್ ಗುಳ್ಳೆಯದು. ಫೇಪ್ಸಾದಲ್ಲಿ ನೀರು ತುಂಬಿದ ಆ ಗುಳ್ಳೆಯನ್ನು ನಾಯಿ ತಿಂದರೆ ಅದರ ಕರುಳಿನಲ್ಲಿ ಕೆಲವೇ ಮಿಲಿಮೀಟರ್ ಉದ್ದದ ಲಾಡಿಹುಳ ಬೆಳೆಯುತ್ತದೆ. ಅದರ ಮೊಟ್ಟೆ ಮಲದ ಮೂಲಕ ಹುಲ್ಲಿಗೆ, ನೀರಿಗೆ, ನಾಯಿಯ ಮೈಗೂದಲಿಗೆ, ಅಲ್ಲಿಂದ ಮನುಷ್ಯರ ಕೈಗೆ ಬಂದು, ವರ್ಷಗಳ ನಂತರ ಯಾರದೋ ಲಿವರಿನಲ್ಲಿ ದೊಡ್ಡ ಗುಳ್ಳೆಯಾಗಿ ಸ್ಕ್ಯಾನಿನಲ್ಲಿ ಕಾಣುತ್ತದೆ. ನಾಯಿ ಮಾತ್ರ ಗಟ್ಟಿಮುಟ್ಟಾಗಿಯೇ ಇರುತ್ತದೆ. ಮುಂಡರಗಿ, ಶಿರಹಟ್ಟಿ ಕಡೆ ಸತ್ತ ಕುರಿಯ ತಲೆಯನ್ನು ನಾಯಿಗೆ ಬಿಸಾಡುವ ರೂಢಿಯಲ್ಲೂ ಇಂಥದೇ ಇನ್ನೊಂದು ಹುಳದ ಸುತ್ತು ಇದೆ: ಮಿದುಳಿನ ಗುಳ್ಳೆ ನಾಯಿಗೆ ಹೋಗಿ, ನಾಯಿಯಿಂದ ಮೇವಿಗೆ ಬಂದು, ಹಿಂಡಿನ ಇನ್ನೊಂದು ಕುರಿ ಗರಗರ ಸುತ್ತಿ ಬೀಳುತ್ತದೆ. ಒಳಖಂಡವನ್ನು ಕನಿಷ್ಠ 30 ನಿಮಿಷ ಕುದಿಸಿ ಹಾಕಿದರೆ ಗುಳ್ಳೆಯ ಹೆದರಿಕೆ ಇಲ್ಲ. ಕೋಳಿಯಲ್ಲಿ ಈ ಹುಳದ ಸುತ್ತು ನಡೆಯುವುದಿಲ್ಲ, ಹಸಿ ಹಾಕುವುದಾದರೆ ಕೋಳಿಯನ್ನೇ ಹಾಕಿ ಎನ್ನುವುದು ಅದಕ್ಕೇ.

ಜಂತಿನ ಮಾತ್ರೆಯಲ್ಲೂ ಮೋಸ ಹೋಗುವವರು ಬಹಳ. ಬರೀ ಫೆನ್‌ಬೆಂಡಜೋಲ್ ಇರುವುದು ಈ ಲಾಡಿಹುಳಕ್ಕೆ ನಾಟುವುದಿಲ್ಲ. ಪ್ರಾಜಿಕ್ವಾಂಟೆಲ್ ಇರಬೇಕು, ಕಿಲೋ ತೂಕಕ್ಕೆ 5 ಮಿಲಿಗ್ರಾಂ. ಮಾತ್ರೆಗೆ 50 ಮಿಲಿಗ್ರಾಂ ಇದ್ದರೆ 25 ಕಿಲೋ ನಾಯಿಗೆ ಎರಡೂವರೆ. ಹಸಿ ಒಳಖಂಡ ಸಿಗುವ ಜಾಗದ ನಾಯಿಗೆ ಆರು ವಾರಕ್ಕೊಮ್ಮೆ ಬೇಕು. ಮೂರು ತಿಂಗಳಿಗೊಮ್ಮೆ ಎನ್ನುವ ಲೆಕ್ಕ ಅದಕ್ಕೆ ಸಾಲದು.

ಅಂಗಡಿಯಿಂದ ತಂದು ನೀವೇ ಬೆರೆಸುವುದಾದರೆ, 24 ಕಿಲೋ ಮುಧೋಳಕ್ಕೆ ದಿನಕ್ಕೆ 700 ಗ್ರಾಂ ಹೀಗೆ ಕೂಡಿಸಬಹುದು: ಕೋಳಿ ಕಾಲಿನ ಪಾದ ಮೂರು (ಸುಮಾರು 120 ಗ್ರಾಂ), ಚರ್ಮ ಸಹಿತ ಖಂಡದ ಚೂರು 430, ಗುಂಡಿಗೆ-ಗಿಜರ್ಡ್ 80, ಕೋಳಿ ಲಿವರ್ 35, ಕುದಿಸಿದ ಗುರ್ದಾ (ಮೂತ್ರಪಿಂಡ) ಇಲ್ಲವೇ ತಿಲ್ಲಿ (ಗುಲ್ಮ) 35. ಕಾಲಿನ ಉಗುರು ಕತ್ತರಿಸಿ. ಕುತ್ತಿಗೆ ಹಾಕಿದರೆ ಕಾಲು ಬಿಡಿ. ದಿನಾ ಕುತ್ತಿಗೆಯೇ ಆದರೆ ಅದಕ್ಕಂಟಿದ ಥೈರಾಯ್ಡ್ ಗ್ರಂಥಿ ನಾಯಿಯ ಹಾರ್ಮೋನ್ ಏರಿಸಬಹುದು. ಈ 700 ಗ್ರಾಂ ನಾಯಿಯ ತೂಕದ ನೂರಕ್ಕೆ 3ರ ಆಸುಪಾಸು. ಓಡಾಟದ ದಿನಗಳಲ್ಲಿ 4ಕ್ಕೆ ಏರಿಸಿ, ಸರಪಳಿಯಲ್ಲೇ ದಿನ ಕಳೆಯುವ ಕಾವಲು ನಾಯಿಗೆ 2 ಸಾಕು. ಮುಧೋಳದ ಕೊನೆಯ ಪಕ್ಕೆಲುಬು ಎಣಿಸುವಂತಿರುವುದು ಅದರ ಮೈಕಟ್ಟು, ಬಡಕಲಾಗಿದೆಯೆಂದು ಅಳತೆ ಏರಿಸಬೇಡಿ. ರೊಟ್ಟಿ, ಜೋಳದ ನುಚ್ಚಿನ ಅಂಬಲಿ ತಿಂದು ಬೆಳೆದ ನಾಯಿಗೆ ಹತ್ತು ದಿನದಲ್ಲಿ ಸ್ವಲ್ಪ ಸ್ವಲ್ಪವೇ ಬದಲಿಸಿ. ಅಂಬಲಿ ಪೂರ್ತಿ ಬಿಡಿಸಲೇಬೇಕೆಂದೇನೂ ಇಲ್ಲ; ಚೆನ್ನಾಗಿ ಬೆಂದ ನುಚ್ಚನ್ನು ನಾಯಿ ಜೀರ್ಣಿಸಿಕೊಳ್ಳುತ್ತದೆ. ಊಟ ಯಾವತ್ತೂ ಕೆಲಸ ಮುಗಿದು, ಮೈ ತಣಿದು, ಏದುಸಿರು ನಿಂತ ಮೇಲೆ. ಹೊಟ್ಟೆ ತುಂಬಿಸಿ ಓಡಿಸಿದರೆ ಎದೆ ಆಳವಾದ ನಾಯಿಯ ಹೊಟ್ಟೆ ಉಬ್ಬಿ ಮಗುಚಿಕೊಳ್ಳುವ ಅಪಾಯವಿದೆ, ಅದು ಗಂಟೆಗಳಲ್ಲೇ ಜೀವ ತೆಗೆಯುತ್ತದೆ. ಬೇಯಿಸಿದ ಎಲುಬಂತೂ ಎಂದಿಗೂ ಬೇಡ, ಸೀಳಿ ಕರುಳಿಗೆ ಚುಚ್ಚುತ್ತದೆ.

ಪೊಟ್ಟಣದ ಜೊತೆ ಮಾರುವ ಬಾಟಲಿಗಳಲ್ಲಿ ಹೆಚ್ಚಿನವು ಕಪಾಟು ತುಂಬಿಸಲಿಕ್ಕೆ. ಎಲುಬು ತಿನ್ನುವ ನಾಯಿಗೆ ಕ್ಯಾಲ್ಸಿಯಂ ಸಿರಪ್ ಬೇಡ. ದನಕ್ಕೆಂದು ತಂದ ಕ್ಯಾಲ್ಸಿಯಂ ಡಬ್ಬಿಯಿಂದ ಮರಿಗೆ ‘ಕಾಲು ಗಟ್ಟಿಯಾಗಲಿ’ ಎಂದು ಹೊಯ್ಯುವುದು ಇನ್ನೂ ಕೆಟ್ಟದ್ದು: ಆರು ತಿಂಗಳೊಳಗಿನ ಮರಿಗೆ ಹೆಚ್ಚಾದ ಕ್ಯಾಲ್ಸಿಯಂ ತಡೆಯುವ ಶಕ್ತಿ ಇರುವುದಿಲ್ಲ, ಬೆಳೆಯುವ ಎಲುಬೇ ಸೊಟ್ಟಗಾಗುತ್ತದೆ. ಪ್ರೋಟೀನ್ ಪೌಡರ್ ಖಂಡ ತಿನ್ನುವ ಪ್ರಾಣಿಗೆ ಯಾಕೆಂದು ನಮಗಂತೂ ತಿಳಿಯದು. ಕೆಲಸಕ್ಕೆ ಬರುವುದು ಫಿಶ್ ಆಯಿಲ್, ಏಕೆಂದರೆ ಫಾರ್ಮ್ ಕೋಳಿಯಲ್ಲಿ ಒಮೆಗಾ-3 ಬಹಳ ಕಡಿಮೆ. ಸಾಮಾನ್ಯ 1000 ಮಿಲಿಗ್ರಾಂ ಕ್ಯಾಪ್ಸೂಲಿನಲ್ಲಿ ಇಪಿಎ-ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬು ಸೇರಿ 300 ಮಿಲಿಗ್ರಾಂ ಇರುತ್ತದೆ; 24 ಕಿಲೋ ತೂಕದ ನಾಯಿಗೆ ದಿನಕ್ಕೊಂದು, ಜೊತೆಗೆ ವಿಟಮಿನ್ ಇ. ಕಾಡ್ ಲಿವರ್ ಆಯಿಲ್ ಬೇರೆ ಪದಾರ್ಥ: ಅದರಲ್ಲಿ ವಿಟಮಿನ್ ಎ, ಡಿ ಇದ್ದು, ಲಿವರ್ ತಿನ್ನುವ ನಾಯಿಗೆ ಎರಡು ಪಟ್ಟಾಗುತ್ತದೆ. ಸತು ಕೊರತೆಗೆ ನಾಯಿಗಳದೇ ಮಲ್ಟಿವಿಟಮಿನ್ ಮಾತ್ರೆ ಚೀಟಿಯ ಅಳತೆಯಲ್ಲೇ ಸಾಕು.

ಗದಗ, ಹಾವೇರಿಗೆ ಬಸ್ ಪಾರ್ಸೆಲಿನಲ್ಲಿ ಥರ್ಮಾಕೋಲ್ ಡಬ್ಬಿ ಕಳಿಸುವವರೂ ಇದ್ದಾರೆ. ಚಳಿಗಾಲಕ್ಕೆ ಸರಿ, ಏಪ್ರಿಲ್-ಮೇದಲ್ಲಿ ಬೆಳಗಿನ ಮೊದಲ ಬಸ್ಸಿಗೆ ಮಾತ್ರ, ಅದೂ ಡಬ್ಬಿ ಭರ್ತಿ ತುಂಬಿದ್ದರೆ. ಗಾಂಧಿ ಜಯಂತಿ, ಮಹಾವೀರ ಜಯಂತಿಯಂದು ಖಂಡದ ಅಂಗಡಿ ಮುಚ್ಚಿರುತ್ತವೆ, ಎರಡು ದಿನದ್ದು ಮುಂಚೆಯೇ ಫ್ರೀಜರಿನಲ್ಲಿರಲಿ.