ಮಾವನ ಮರದ ದೋಣಿ, ಹಳೇ ಫೈಬರ್ ದೋಣಿ, ಹೊಸ ತೆಪ್ಪ: ಮೂರನ್ನೂ ನೀರಿಗೆ ಇಳಿಸಿ ನೋಡಿದ್ದು

ಹಿರಿಯೂರಿನ ಹತ್ತಿರದ ಮಾರಿಕಣಿವೆ ಡ್ಯಾಮು (ವಾಣಿವಿಲಾಸ ಸಾಗರ) ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ಅದಕ್ಕೂ ಹಿಂದೆ ಬಿದ್ದದ್ದು 1933ರಲ್ಲಿ. ನಡುವೆ 89 ವರ್ಷ. ಹಿರಿಯೂರು, ಹೊಸದುರ್ಗದ ಕಡೆಯ ಜನ ಗಾಡಿ ಕಟ್ಟಿಕೊಂಡು ನೀರು ನೋಡಲು ಬಂದರು. ನನ್ನ ಸೋದರಮಾವ ಮಾತ್ರ ನೀರು ನೋಡಿ ಸುಮ್ನೆ ಮನೆಗೆ ಬಂದು, ಹುಣಸೆ ಮರದ ಕೆಳಗೆ ಕವುಚದೆ ಹಾಗೇ ಬಿದ್ದಿದ್ದ ತಮ್ಮ ದೋಣಿಯ ಪಕ್ಕ ಕೂತರು. ಬರ ಬಿದ್ದಾಗ ಮೇಲೆ ಎಳೆದದ್ದು. ಆರು ವರ್ಷ ನೀರು ಕಂಡಿರಲಿಲ್ಲ.

ಹದಿನಾರು ಅಡಿ ಉದ್ದದ ಹಲಗೆ ದೋಣಿ ಅದು. ಹೆಬ್ಬಲಸಿನ ಮರ. ಬಹಳ ಹಿಂದೆ ಕರಾವಳಿಯಿಂದ ಲಾರಿಯಲ್ಲಿ ತರಿಸಿದ್ದು. ಮಾವ ಅದರಲ್ಲೇ ಬಲೆ ಬಿಟ್ಟು ಕಾಟ್ಲಾ, ರೋಹು, ಗೆಂಡೆ ಹಿಡಿದು ಸಂಸಾರ ನಡೆಸಿದವರು. ಈಗ ವಯಸ್ಸಾಗಿದೆ, ಬಲೆಗೆ ನಾನೂ ಹೋಗುತ್ತೇನೆ. ಹಾಗಾಗಿ ದೋಣಿಯ ತೀರ್ಮಾನ ನನ್ನ ತಲೆಗೆ ಬಂತು. ರಿಪೇರಿ ಮಾಡಿಸುವುದಾ, ಬಿಡುವುದಾ?

ಊರಲ್ಲಿ ಕೇಳಿದವರೆಲ್ಲ "ಬಿಡು, ಸೌದೆಗೆ ಹಾಕು, ಫೈಬರ್ ತಗೋ" ಅಂದರು. ನಾನೂ ಹಾಗೇ ಅಂದುಕೊಂಡೆ. ಎರಡು ವರ್ಷದಲ್ಲಿ ಮೂರನ್ನೂ ಮಾಡಿ ನೋಡಿದೆ: ಒಂದು ಸೆಕೆಂಡ್ ಹ್ಯಾಂಡ್ ಫೈಬರ್ (ಗಾಜಿನ ನಾರಿನ) ದೋಣಿ ತಂದೆ, ಒಂದು ಹೊಸ ತೆಪ್ಪ (ದುಂಡನೆಯ ಹರಿಗೋಲು) ತಂದೆ, ಕೊನೆಗೆ ಮಾವನ ದೋಣಿಯನ್ನೂ ಎಬ್ಬಿಸಿದೆ. ಇದೇ ಗೊಂದಲದಲ್ಲಿ ಇರುವವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಫೈಬರ್ ದೋಣಿ

ಹದಿನಾಲ್ಕು ಅಡಿ, ನೀಲಿ ಬಣ್ಣ, ಹೊಳೆಯುತ್ತಿತ್ತು. 18,000 ಕೊಟ್ಟೆ. ಬಣ್ಣ ಹೊಸದು ಅನ್ನುವುದೇ ನನಗೆ ಅನುಮಾನ ಬರಿಸಬೇಕಿತ್ತು. ಹಳೇ ಫೈಬರ್ ಬಿಸಿಲಿಗೆ ಮಂಕಾಗುತ್ತದೆ, ಕೈ ಸವರಿದರೆ ಸುಣ್ಣದ ಹಾಗೆ ಪುಡಿ ಅಂಟುತ್ತದೆ. ಅದು ಸಹಜ, ಅದರಿಂದ ತೊಂದರೆ ಇಲ್ಲ. ಮಾರುವ ಮುಂಚೆ ಅದನ್ನು ಮುಚ್ಚಿದ್ದಾರೆ ಅಂದರೆ ಕೆಳಗೆ ಇನ್ನೇನೋ ಮುಚ್ಚಿರಬಹುದು.

ಬಣ್ಣ ಉಜ್ಜಿದಾಗ ತಳದಲ್ಲಿ ಕಡಲೆ ಗಾತ್ರದ ಬೊಬ್ಬೆಗಳು ಕಂಡವು. ಒಡೆದರೆ ಹುಳಿ ವಾಸನೆಯ ನೀರು. ನಾಣ್ಯ ತಗೊಂಡು ದೋಣಿಯ ಉದ್ದಕ್ಕೂ ತಟ್ಟುತ್ತಾ ಹೋದೆ. ಗಟ್ಟಿ ಇರುವ ಕಡೆ 'ಟಣ್' ಅನ್ನುತ್ತದೆ, ಪದರ ಬಿಟ್ಟ ಕಡೆ 'ಡಬ್' ಅನ್ನುತ್ತದೆ. ಹಿಂಬದಿಯಲ್ಲಿ, ಎಂಜಿನ್ ಕೂರಿಸುವ ಹಲಗೆಯ ಹತ್ತಿರ, ಬರೀ ಡಬ್ ಡಬ್. ಆ ಹಿಂಹಲಗೆ ಹೊರಗಿನಿಂದ ಫೈಬರ್ ಆದರೂ ಒಳಗೆ ಪ್ಲೈವುಡ್ ಇರುತ್ತದೆ. ಬೋಲ್ಟ್ ತೂತಿನಿಂದ ನೀರು ಒಳಗೆ ಹೋದರೆ ಹೊರಗೆ ಬರಲು ದಾರಿಯೇ ಇಲ್ಲ. ಡ್ರಿಲ್ ಹಾಕಿದಾಗ ಮರದ ಹೊಟ್ಟು ಬರಲಿಲ್ಲ, ನೆನೆದ ಕಾಫಿ ಪುಡಿಯಂಥ ಕೆಸರು ಬಂತು.

ಆದರೂ ಕೊಟ್ಟ ದುಡ್ಡಿನ ಆಸೆಗೆ ರಿಪೇರಿಗೆ ಇಳಿದೆ. ಏಪ್ರಿಲ್ ತಿಂಗಳು. ಫೈಬರ್ ಪದರ ಅಂಟಿಸುವ ಪಾಲಿಯೆಸ್ಟರ್ ರೆಸಿನ್‌ಗೆ ಶೇಕಡಾ 1ರಿಂದ 2ರಷ್ಟು ಹಾರ್ಡನರ್ ಹಾಕುತ್ತಾರೆ. ನಾನು ಎರಡರ ಲೆಕ್ಕದಲ್ಲಿ ಹಾಕಿದೆ. ನಮ್ಮ ಬಿಸಿಲಿಗೆ ಅದು ಬ್ರಷ್ ಅದ್ದುವುದರೊಳಗೆ ಮಗ್ಗಿನಲ್ಲೇ ಗಟ್ಟಿಯಾಗಿ ಹೊಗೆ ಬಂತು. ಬೇಸಿಗೆಯಲ್ಲಿ ಬೆಳಗ್ಗೆ ಆರಕ್ಕೆ ಶುರು ಮಾಡಿ, ಒಂದರ ಲೆಕ್ಕದಲ್ಲಿ, ಸ್ವಲ್ಪ ಸ್ವಲ್ಪವೇ ಕಲಸಬೇಕು. ಹಳೇ ಫೈಬರ್ ಉಜ್ಜುವಾಗ ಏಳುವ ಗಾಜಿನ ಪುಡಿ ಮೈಗೆ ಹತ್ತಿದರೆ ದಿನಗಟ್ಟಲೆ ತುರಿಕೆ. ಮಾಸ್ಕ್, ಕನ್ನಡಕ, ತುಂಬು ತೋಳಿನ ಅಂಗಿ ಇಲ್ಲದೆ ಯಾರೂ ಮುಟ್ಟಬೇಡಿ.

ರೆಸಿನ್, ಗಾಜಿನ ನಾರಿನ ಮ್ಯಾಟ್, ಕೂಲಿ ಎಲ್ಲ ಸೇರಿ ಇನ್ನೂ 13,000 ಹೋಯಿತು. ದೋಣಿ ತೇಲಿತು, ಹಗುರವಾಗಿ ಓಡಿತು ಕೂಡ. ಆದರೆ ಹಿಂಹಲಗೆ ಪೂರ್ತಿ ಕತ್ತರಿಸಿ ಹೊಸದು ಕೂರಿಸದೆ ಎಂಜಿನ್ ಕಟ್ಟುವ ಹಾಗಿಲ್ಲ. ಅಷ್ಟು ಮಾಡಿದರೆ ಅರ್ಧ ದೋಣಿ ಹೊಸದು ಕಟ್ಟಿದಂತೆ. ಅಲ್ಲಿಗೆ ನಿಲ್ಲಿಸಿದೆ. ಫೈಬರ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಹಿಂಹಲಗೆ ಗಟ್ಟಿ ಇರುವ ಹಳೇ ಫೈಬರ್ ಸಿಕ್ಕರೆ ಇವತ್ತೂ ಕಣ್ಣುಮುಚ್ಚಿ ತಗೊಳ್ಳುತ್ತೇನೆ. ಆ ಒಂದು ಜಾಗ ನೋಡದೆ ಮಾತ್ರ ಕೈ ಹಾಕುವುದಿಲ್ಲ.

ತೆಪ್ಪ

ಹರಿಹರದ ಕಡೆ ತುಂಗಭದ್ರೆಯಲ್ಲಿ ತೆಪ್ಪ ಹಾಕುವವರ ಮೂಲಕ ತರಿಸಿದೆ. 9,000 ಆಯಿತು. ಬಿದಿರಿನ ಹೆಣಿಗೆ, ಹೊರಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರು. ಹಿಂದೆ ಇದಕ್ಕೇ ಚರ್ಮ ಹೊದಿಸುತ್ತಿದ್ದರು. ತಂದ ದಿನವೇ ನೀರಿಗೆ ಇಳಿಸಬಹುದು. ಒಬ್ಬರೇ ತಲೆ ಮೇಲೆ ಹೊತ್ತುಕೊಂಡು ಹೋಗಬಹುದು. ಮೊಣಕಾಲುದ್ದ ನೀರಿದ್ದರೂ ಸಾಕು, ಕಲ್ಲು ಕೆಸರು ಏನೂ ಅಡ್ಡಿ ಇಲ್ಲ. ಹುಟ್ಟನ್ನು ಮುಂದಕ್ಕೆ ಹಾಕಿ ತನ್ನ ಕಡೆ ಎಳೆದುಕೊಳ್ಳುವುದನ್ನು ಕಲಿಯುವವರೆಗೆ ಗಿರಗಿರ ತಿರುಗುತ್ತದೆ. ನನಗೆ ನಾಲ್ಕು ದಿನ ಹಿಡಿಯಿತು.

ತೊಂದರೆ ಎರಡು. ಒಂದು ಗಾಳಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ ಅಲ್ವಾ? ಆಷಾಢದಲ್ಲಿ ಹಿನ್ನೀರಿನ ಬಯಲಿಗೆ ಹೋದರೆ ತೆಪ್ಪ ನಾವು ಹೇಳಿದ ಕಡೆ ಹೋಗುವುದಿಲ್ಲ, ಗಾಳಿ ಹೇಳಿದ ಕಡೆ ಹೋಗುತ್ತದೆ. ಒಂದು ಸಂಜೆ ಎದುರು ದಡಕ್ಕೆ ಹೋಗಿ ಬಿದ್ದು, ತೆಪ್ಪ ಹೊತ್ತು ನಡೆದು ಬಂದೆ. ಮೈಮೇಲೆ ಲೈಫ್ ಜಾಕೆಟ್ ಇತ್ತು, ಆದರೂ ಭಯವಾಯಿತು.

ಇನ್ನೊಂದು ಬಳ್ಳಾರಿ ಜಾಲಿ. ಇದು ನಮ್ಮ ಕೆರೆ, ಡ್ಯಾಮುಗಳ ಪಾಡು. ನೀರು ತಳ ಕಂಡ ವರ್ಷಗಳಲ್ಲಿ ಖಾಲಿ ಬಿದ್ದ ಜಾಗದಲ್ಲೆಲ್ಲ ಜಾಲಿ ಬೆಳೆಯಿತು. ನೀರು ಬಂದಾಗ ಗಿಡಗಳು ಹಾಗೇ ಮುಳುಗಿದವು. ಈಗ ಮೇಲಿನಿಂದ ನೋಡಿದರೆ ತಿಳಿನೀರು, ಒಂದಡಿ ಕೆಳಗೆ ಮುಳ್ಳಿನ ಬೇಲಿ. ಮೊದಲ ತಿಂಗಳಲ್ಲೇ ತೆಪ್ಪಕ್ಕೆ ಐದು ತೂತು ಬಿತ್ತು. ಡಾಂಬರು, ಹಳೇ ಟ್ಯೂಬಿನ ತುಂಡು ಹಾಕಿ ಅರ್ಧ ಗಂಟೆಯಲ್ಲಿ ಮುಚ್ಚಬಹುದು, ಅದು ಅದರ ದೊಡ್ಡ ಗುಣ. ಆದರೆ ಬಲೆ, ಮೀನು, ಇಬ್ಬರು ಜನ ಇರುವಾಗ ನಡುನೀರಿನಲ್ಲಿ ತೂತು ಬಿದ್ದರೆ ಕಷ್ಟ.

ಮಾವನ ದೋಣಿ

ಫೈಬರ್ ಕೈಕೊಟ್ಟ ಮೇಲೆ ಇದರ ಕಡೆ ತಿರುಗಿದೆ. ಮುಂಭಾಗ ತಗಡಿನ ಮಾಡಿನ ಕೆಳಗಿತ್ತು, ಹಿಂಭಾಗ ನಾಲ್ಕಡಿ ಹೊರಗೆ ಚಾಚಿತ್ತು. ಮುಂದೆ ನೋಡಿದರೆ ಎದೆ ಧಸಕ್ ಅನ್ನಬೇಕು. ಹಲಗೆ ಹಲಗೆ ನಡುವೆ ನಾಣ್ಯ ತೂರುವಷ್ಟು ಸಂದು, ಆಚೆ ಬೆಳಕು ಕಾಣುತ್ತಿತ್ತು. ಹಿಂಭಾಗ ಮಾತ್ರ ಬಿಗಿಯಾಗಿ ಒಂದಕ್ಕೊಂದು ಕೂತಿತ್ತು. "ಮಾವ, ಹಿಂದೆ ಚೆನ್ನಾಗಿದೆ, ಮುಂದೆ ಹೋಯ್ತು ಇದು" ಅಂದೆ.

ಮಾವ ತಲೆ ಅಲ್ಲಾಡಿಸಿದರು. "ಬಾಯಿ ಬಿಟ್ಟಿರೋದು ರೋಗ ಅಲ್ಲ ಕಣಪ್ಪ, ಬಾಯಾರಿಕೆ. ಮುಚ್ಕೊಂಡಿರೋ ಕಡೆ ನೋಡು."

ಮೂಟೆ ಹೊಲಿಯುವ ದಬ್ಬಳ ತಂದು ಚುಚ್ಚಿದೆ. ಸಂದು ಬಿಟ್ಟಿದ್ದ ಹಲಗೆಗಳಲ್ಲಿ ತುದಿಯೂ ಇಳಿಯಲಿಲ್ಲ. ಬಿಗಿಯಾಗಿ ಚೆಂದ ಕಾಣುತ್ತಿದ್ದ ಹಿಂಭಾಗದಲ್ಲಿ ದಬ್ಬಳ ಬೆಣ್ಣೆಗೆ ಇಳಿದಂತೆ ಇಳಿಯಿತು. ಆಗ ಅರ್ಥವಾಯಿತು. ಮರ ಕೊಳೆಯಲು ತೇವ ಬೇಕು. ಮರದ ತೇವ ಶೇಕಡಾ 20ಕ್ಕಿಂತ ಕೆಳಗೆ ಇದ್ದರೆ ಕೊಳೆಸುವ ಬೂಷ್ಟು ಬೆಳೆಯುವುದಿಲ್ಲ. ರಾಜ್ಯದಲ್ಲೇ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ನಮ್ಮ ಹಿರಿಯೂರು, ಚಳ್ಳಕೆರೆ ಇವೆ. ಮಾಡಿನ ಕೆಳಗಿದ್ದ ಮರ ಒಣಗಿ ಕುಗ್ಗಿತ್ತು, ಅಷ್ಟೇ. ಹೊರಗಿದ್ದ ಕಡೆ ಬಿದ್ದ ಮಳೆನೀರು, ಅದರ ಮೇಲೆ ಹುಣಸೆ ಎಲೆ, ವರ್ಷಗಟ್ಟಲೆ ಗೊಬ್ಬರದ ಗುಂಡಿಯ ಹಾಗೆ ನಿಂತು ಮರವನ್ನು ಒಳಗಿನಿಂದ ತಿಂದಿತ್ತು. ಸಮುದ್ರದ ಉಪ್ಪುನೀರು ಮರವನ್ನು ಒಂದಿಷ್ಟು ಕಾಯುತ್ತದೆ, ಮಳೆಯ ಸಿಹಿನೀರು ಕೊಳೆಸುತ್ತದೆ. ದೋಣಿ ಹಾಳಾಗುವುದು ಹೊರಗಿನ ನೀರಿಗಿಂತ ಒಳಗೆ ನಿಂತ ನೀರಿನಿಂದ ಜಾಸ್ತಿ.

ಆಮೇಲೆ ಇನ್ನೆರಡು ಪರೀಕ್ಷೆ. ತಳದ ನಡುದಿಂಡಿಗೆ ಈ ತುದಿಯಿಂದ ಆ ತುದಿಗೆ ದಾರ ಎಳೆದು ಹಿಡಿದೆವು. ದಿಂಡು ಬೆನ್ನು ಬಗ್ಗಿಸಿದ್ದರೆ ದಾರಕ್ಕೂ ಅದಕ್ಕೂ ನಡುವೆ ಅಂತರ ಕಾಣುತ್ತದೆ. ನಮ್ಮದು ಅರ್ಧ ಬೆರಳಷ್ಟೂ ಇರಲಿಲ್ಲ. ಬಗ್ಗಿದ್ದರೆ ನಾನು ಅಲ್ಲಿಗೇ ಕೈ ಬಿಡುತ್ತಿದ್ದೆ. ಹಲಗೆ ಬದಲಿಸಬಹುದು, ಬಾಗಿದ ಬೆನ್ನನ್ನು ನೆಟ್ಟಗೆ ಮಾಡುವುದು ನಮ್ಮೂರಿನ ಕೆಲಸವಲ್ಲ. ಮೊಳೆಗಳ ಸುತ್ತ ಕಪ್ಪು ಕಲೆ ಇದ್ದವು. ಮೂರು ಕಡೆ ಮೊಳೆ ಕಿತ್ತು ನೋಡಿದೆವು. ತಲೆ ಗಟ್ಟಿ, ನಡು ಸವೆದು ಕಡ್ಡಿಯಾಗಿತ್ತು. ಹಾಗಾಗಿ ಮೊಳೆ ಪೂರ್ತಿ ಹೊಸದು ಅಂತ ಲೆಕ್ಕ ಹಾಕಿದೆ.

ಕೆಲಸ ಶುರು ಮಾಡುವ ಮುಂಚೆ ನನ್ನ ಮಿತಿ ಒಂದು ಹಾಳೆಯಲ್ಲಿ ಬರೆದಿಟ್ಟೆ: 35,000 ರೂಪಾಯಿ, ಮತ್ತು ಅಡ್ಡಪಟ್ಟಿಗಳಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ ಹೋಗಿದ್ದರೆ ಬಿಡುವುದು. ದೋಣಿಯ ಹೊಟ್ಟೆಯಲ್ಲಿ ಪಕ್ಕೆಲುಬಿನ ಹಾಗೆ ಹದಿನಾಲ್ಕು ಅಡ್ಡಪಟ್ಟಿ. ಕೆಟ್ಟದ್ದು ನಾಲ್ಕು. ಫೈಬರ್ ವಿಷಯದಲ್ಲಿ ಹೀಗೆ ಬರೆದಿಟ್ಟುಕೊಂಡಿದ್ದರೆ 13,000 ಉಳಿಯುತ್ತಿತ್ತು.

ಹೊಸ ಅಡ್ಡಪಟ್ಟಿಗೆ ಆಚಾರ್ರು ಹಲಗೆ ಕೇಳಲೇ ಇಲ್ಲ. ನಮ್ಮ ಹೊಲದ ಬದುವಿನ ಕರಿಜಾಲಿ ನೋಡಿ, ದೋಣಿಯ ಹೊಟ್ಟೆಯಷ್ಟೇ ಬಾಗಿರುವ ಕೊಂಬೆಗಳನ್ನು ಆರಿಸಿದರು. ನೆಟ್ಟನೆ ಹಲಗೆಯಿಂದ ಬಾಗು ಕೊಯ್ದರೆ ಮರದ ನಾರು ಅಡ್ಡಕ್ಕೆ ತುಂಡಾಗುತ್ತದೆ, ಹುಟ್ಟಾ ಬಾಗಿದ ಕೊಂಬೆಯಲ್ಲಿ ನಾರು ಬಾಗಿನ ಜೊತೆಗೇ ಓಡುತ್ತದೆ. ಎತ್ತಿನ ಗಾಡಿಗೆ ಇದೇ ಮರ ಹಾಕುತ್ತಿದ್ದ ಕೈ ಅವರದ್ದು. ಹಲಗೆಗೆ ಹೆಬ್ಬಲಸು ಸಿಗಲಿಲ್ಲ, ಶಿವಮೊಗ್ಗದಿಂದ ಸಾಗುವಾನಿ ತರಿಸಿದೆ. ಒಂದಿಂಚು ದಪ್ಪದ ಹಲಗೆಗೆ ಎಂಟು ಇಂಚು ಉದ್ದದ ಇಳಿಜಾರು ಕೊಯ್ದು ಹಳೇ ಹಲಗೆಗೆ ಸೇರಿಸಿದರು. ಮೊಳೆ ಸತುವಿನ ಲೇಪದ್ದು.

ಸಂದು ತುಂಬುವ ವಿಷಯದಲ್ಲಿ ನಾನು ಆತುರ ಮಾಡುತ್ತಿದ್ದೆ, ಮಾವ ತಡೆದರು. ಒಣ ದೋಣಿಯ ಸಂದಿಗೆ ಹತ್ತಿಯನ್ನು ಬಿಗಿಯಾಗಿ ಗಿಡಿದರೆ, ನೀರಿಗೆ ಇಳಿದ ಮೇಲೆ ಹಲಗೆ ಉಬ್ಬಲು ಜಾಗ ಸಿಗದೆ ಮೊಳೆಗಳನ್ನೇ ಎಳೆದು ಹಾಕುತ್ತದೆ. ಮೊದಲು ಹನ್ನೆರಡು ದಿನ ಒದ್ದೆ ಗೋಣಿತಟ್ಟು ಹೊದಿಸಿ, ಬೆಳಗ್ಗೆ ಸಂಜೆ ನೀರು ಚಿಮುಕಿಸಿದೆವು. ದೋಣಿಯೊಳಗೆ ನೀರು ತುಂಬಿಸಿಬಿಡೋಣ ಅಂತ ಒಬ್ಬರು ಹೇಳಿದರು. ಬೇಡ. ಸಾವಿರ ಲೀಟರ್ ಅಂದರೆ ಒಂದು ಟನ್. ಎರಡು ಕಲ್ಲಿನ ಮೇಲೆ ಕೂತ ಹಳೇ ದೋಣಿ ಅಷ್ಟು ಭಾರಕ್ಕೆ ನಡುವೆ ಮುರಿಯುತ್ತದೆ. ನಾಣ್ಯ ತೂರುತ್ತಿದ್ದ ಸಂದು ಹನ್ನೆರಡು ದಿನಕ್ಕೆ ದಾರದಷ್ಟಾಯಿತು. ಆಗ ಹತ್ತಿ ಹೊಸೆದು ಹಗುರವಾಗಿ ಕೂರಿಸಿ, ಮೇಲೆ ಎಣ್ಣೆಯಲ್ಲಿ ಕರಗಿಸಿದ ರಾಳ ಬಳಿದೆವು.

ಮೈಗೆ ಹಚ್ಚಲು ಶೇಂಗಾ ಎಣ್ಣೆ ಸಾಕು ಅಂತ ಹೇಳಿದವರೂ ಇದ್ದರು. ಪಕ್ಕದಲ್ಲೇ ಎಣ್ಣೆ ಗಿರಣಿಗಳ ಚಳ್ಳಕೆರೆ, ಎಣ್ಣೆಗೇನು ಬರ? ಆದರೆ ಶೇಂಗಾ ಎಣ್ಣೆ ಒಣಗಿ ಪದರವಾಗುವುದಿಲ್ಲ, ಜಿಡ್ಡಾಗೇ ಉಳಿದು ಧೂಳು ಹಿಡಿಯುತ್ತದೆ, ಇಲಿ ಬರುತ್ತವೆ. ಅಗಸೆ ಎಣ್ಣೆ ಒಣಗುತ್ತದೆ. ಒಳಗೆ ಅದನ್ನು ಹಚ್ಚಿದೆ, ಹೊರಗೆ ಕರಾವಳಿಯವರ ಹಾಗೆ ಗೇರುಬೀಜದ ಸಿಪ್ಪೆಯ ಎಣ್ಣೆ. ಅದು ಚರ್ಮ ಸುಡುತ್ತದೆ, ಗ್ಲೌಸ್ ಬೇಕೇ ಬೇಕು.

ಖರ್ಚು ಹೀಗಾಯಿತು: ಮರ 14,000, ಹನ್ನೊಂದು ದಿನದ ಆಚಾರ್ರ ಕೂಲಿ 11,000, ಮೊಳೆ, ರಾಳ, ಎಣ್ಣೆ 5,500, ಸಾಗಾಟ 2,500. ಒಟ್ಟು 33,000. ಫೈಬರ್‌ಗೆ ಹಾಕಿದ್ದು 31,000. ಅದು ಈಗ ತೋಟದಲ್ಲಿ ದನಗಳಿಗೆ ನೀರು ತುಂಬಿಡುವ ತೊಟ್ಟಿ.

ಇಳಿಸಿದ ದಿನ ಸಂದುಗಳಿಂದ ನೀರು ಒಸರಿ ಒಳಗೆ ಮೊಣಕಾಲು ಮಟ್ಟಕ್ಕೆ ಬಂತು. ದಡದಲ್ಲಿದ್ದವರು ಮುಗೀತು ಅಂದುಕೊಂಡರು. ಮಾವ ಅದನ್ನು ಮೂರು ದಿನ ಹಾಗೇ ಆಳವಿಲ್ಲದ ಕಡೆ ಮುಳುಗಿಸಿಟ್ಟರು. ನಾಲ್ಕನೇ ದಿನ ನೀರು ಮೊಗೆದು ಹಾಕಿದೆವು. ಆಮೇಲೆ ಬೆಳಗ್ಗೆ ನೋಡಿದರೆ ಎರಡು ಚೊಂಬು ನೀರು ಇರುತ್ತದೆ, ಅಷ್ಟೇ.

ನೀರಿನ ಮೇಲೆ ಮೂರಕ್ಕೂ ಇರುವ ವ್ಯತ್ಯಾಸ ಗಾಳಿ ಬಂದಾಗ ಗೊತ್ತಾಗುತ್ತದೆ. ಮರದ ದೋಣಿ ಭಾರ, ಎಳೆಯಲು ನಾಲ್ಕು ಜನ ಬೇಕು. ಆ ಭಾರವೇ ಅದನ್ನು ಅಲೆಯ ಮೇಲೆ ನೆಟ್ಟಗೆ ಹಿಡಿಯುತ್ತದೆ. ಜಾಲಿ ಮುಳ್ಳು ತಳಕ್ಕೆ ಕರಕರ ಸವರಿದರೂ ಏನೂ ಆಗುವುದಿಲ್ಲ. ಅಂಚಿಗೆ ನಿಂತು ಬಲೆ ಎಳೆದರೂ ಹೆದರಿಕೆ ಇಲ್ಲ. ಹಳೇ ಫೈಬರ್ ಅದೇ ಗಾಳಿಗೆ ಕುಣಿಯುತ್ತಿತ್ತು.

ತೆಪ್ಪ ಮಾರಿಲ್ಲ, ಮಾರುವುದೂ ಇಲ್ಲ. ದಡದ ಹತ್ತಿರ, ಒಬ್ಬನೇ, ಗಾಳಿ ಇಲ್ಲದ ಬೆಳಗ್ಗೆ ಅದಕ್ಕೆ ಸಮ ಇಲ್ಲ. ದಿನಾ ಒಬ್ಬರೇ ಬಲೆಗೆ ಹೋಗುವವರು, ಮನೆಯಲ್ಲಿ ಹಳೇ ದೋಣಿ ಇಲ್ಲದವರು ತೆಪ್ಪವನ್ನೇ ತಗೊಳ್ಳಿ. ವರ್ಷಕ್ಕೊಮ್ಮೆ ಹಾಳೆ, ಡಾಂಬರಿಗೆ ಒಂದು ಸಾವಿರದ ಚಿಲ್ಲರೆ ಖರ್ಚು. ಮನೆಯಲ್ಲಿ ಮರದ ದೋಣಿ ಇದ್ದರೆ ಸಂದು ನೋಡಿ ಸೌದೆಗೆ ಹಾಕಬೇಡಿ. ದಬ್ಬಳ, ದಾರ, ಮೂರು ಮೊಳೆ, ಒಂದು ಬೆಳಗಿನ ಕೆಲಸ, ಖರ್ಚಿಲ್ಲ.

ಈ ಬೇಸಿಗೆಗೆ ದೋಣಿಯನ್ನು ಮತ್ತೆ ಮೇಲೆ ಎಳೆದಿದ್ದೇವೆ. ಈ ಸಲ ಮಾಡನ್ನು ಆರಡಿ ಹೊರಕ್ಕೆ ಚಾಚಿಸಿದ್ದೇನೆ, ಹಿಂಭಾಗದ ತಳದಲ್ಲಿ ನೀರು ಇಳಿಯಲು ಒಂದು ತೂತು ಇಟ್ಟು, ಅದರ ಬಿರಡೆ ತೆಗೆದು ಬಿಟ್ಟಿದ್ದೇನೆ. ಹುಣಸೆ ಎಲೆ ಬೀಳುವುದನ್ನು ತಡೆಯಲು ಆಗಲ್ಲ. ದಿನಾ ಸಂಜೆ ಮಾವ ಪೊರಕೆ ಹಿಡಿದು ದೋಣಿಯೊಳಗೆ ಇಳಿಯುತ್ತಾರೆ.