ಹಳೆಯ ಷೆವೆಲ್ ಎಂಜಿನ್ನಿಗೆ ತಂಪು ಗಾಳಿ: ನಾಲ್ಕು ದಾರಿ ಹೋಲಿಸಿ ನೋಡಿದೆ

ನನ್ನ ಕಾರು 1970ರ ಷೆವರ್ಲೆ ಷೆವೆಲ್ ಮಾಲಿಬು. 350 ಕ್ಯುಬಿಕ್ ಇಂಚಿನ ವಿ8 ಎಂಜಿನ್, ಅದರ ಮೇಲೆ ಗಾಳಿಗೆ ಪೆಟ್ರೋಲ್ ಬೆರೆಸಿ ಕೊಡುವ ರೋಚೆಸ್ಟರ್ ಕ್ವಾಡ್ರಾಜೆಟ್ ಕಾರ್ಬುರೇಟರ್. ನಾನಿರುವುದು ಅರಿಜೋನಾದ ಫೀನಿಕ್ಸ್‌ನಲ್ಲಿ. ಕಲಬುರಗಿಯ ಮೇ ತಿಂಗಳು ಕಂಡವರಿಗೂ ಇಲ್ಲಿನ ಜುಲೈ ಜಾಸ್ತಿಯೇ ಅನಿಸುತ್ತದೆ.

ಬಾನೆಟ್ ಒಳಗಿನ ಗಾಳಿ ಹೊರಗಿನದಕ್ಕಿಂತಲೂ ಬಿಸಿ. ಬಿಸಿ ಗಾಳಿ ತೆಳು. 65 ಡಿಗ್ರಿ ಸೆಲ್ಸಿಯಸ್ ಗಾಳಿಗಿಂತ 45 ಡಿಗ್ರಿಯ ಗಾಳಿ ಸುಮಾರು ಶೇ 6ರಷ್ಟು ದಟ್ಟ. ಗಾಳಿ ಐದೂವರೆ ಡಿಗ್ರಿ ತಣ್ಣಗಾದರೆ ಶಕ್ತಿ ಸುಮಾರು ಶೇ 1 ಏರುತ್ತದೆ ಅನ್ನೋದು ಎಂಜಿನ್ ಕಟ್ಟುವವರ ಹಳೆಯ ಲೆಕ್ಕ. ಅದಕ್ಕೇ ಕಾರ್ಬುರೇಟರ್‌ಗೆ ಗಾಳಿ ಕೊಡುವ ನಾಲ್ಕು ಬಗೆಯ ಜೋಡಣೆಗಳನ್ನು ಒಂದೊಂದಾಗಿ ಹಾಕಿ ನೋಡಿದೆ.

ಏರ್ ಫಿಲ್ಟರ್ ಮುಚ್ಚಳದ ಕೆಳಗೆ ಉಷ್ಣತೆ ಅಳೆಯುವ ತಂತಿ ಇಟ್ಟೆ. ಹೊರಗೆ 41 ಡಿಗ್ರಿ ಆಸುಪಾಸು ಇದ್ದ ಮಧ್ಯಾಹ್ನಗಳಲ್ಲಿ ಮಾತ್ರ ಓಡಿಸಿದೆ. ಮೊದಲು ಕ್ಯಾಮಲ್‌ಬ್ಯಾಕ್ ರಸ್ತೆಯ ಟ್ರಾಫಿಕ್, ಆಮೇಲೆ ಐ-17 ಹೆದ್ದಾರಿಯಲ್ಲಿ ಸನ್‌ಸೆಟ್ ಪಾಯಿಂಟ್‌ವರೆಗಿನ ಏರು. ಎಂಜಿನ್ನಿನ ಬಿಸಿ ಪರೀಕ್ಷೆ ಮಾಡಲು ಆ ಏರಿಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಮೊದಲು ಎಲ್ಲರೂ ಹಾಕಿಸುವ 14 ಇಂಚಿನ ದುಂಡನೆಯ ಕ್ರೋಮ್ ಫಿಲ್ಟರ್. ಸುತ್ತಲೂ ತೆರೆದಿರುತ್ತದೆ. ನೋಡಲು ಚೆಂದ, ಅಗ್ಗ, ಹತ್ತು ನಿಮಿಷದ ಕೆಲಸ. ಆಕ್ಸಿಲರೇಟರ್ ಒತ್ತಿದಾಗ ಕ್ವಾಡ್ರಾಜೆಟ್‌ನ ಹಿಂದಿನ ಎರಡು ದೊಡ್ಡ ಬಾಯಿ ತೆರೆದುಕೊಂಡು ಮೊರೆಯುವ ಸದ್ದು ಇದರಲ್ಲಿ ಕೇಳಿದಷ್ಟು ಚೆನ್ನಾಗಿ ಬೇರೆ ಯಾವುದರಲ್ಲೂ ಕೇಳುವುದಿಲ್ಲ. ಆದರೆ ಇದು ಎಳೆದುಕೊಳ್ಳುವುದು ರೇಡಿಯೇಟರ್ ಹಾದು ಬಂದ ಗಾಳಿಯನ್ನೇ. ಟ್ರಾಫಿಕ್‌ನಲ್ಲಿ 74 ಡಿಗ್ರಿ, ಹೆದ್ದಾರಿಯಲ್ಲಿ 57. ನಾಲ್ಕರಲ್ಲಿ ಇದೇ ಕೊನೆ. ಕಾರು ಜೋರಾಯಿತು ಅಂತ ಅನಿಸುವುದು ಸದ್ದಿನಿಂದ. ಗಡಿಯಾರ ಹಿಡಿದಾಗ ವೇಗ ಏರುವ ಸಮಯದಲ್ಲಿ ಏನೂ ಬದಲಾಗಿರಲಿಲ್ಲ.

ಎರಡನೆಯದು ಕಾರಿನ ಜೊತೆಗೇ ಬಂದ ಮುಚ್ಚಿದ ತಗಡಿನ ಫಿಲ್ಟರ್ ಡಬ್ಬಿ, ಗಾಳಿ ಎಳೆಯಲು ಒಂದೇ ಮೂತಿಯದು. ಟ್ರಾಫಿಕ್‌ನಲ್ಲಿ 68, ಹೆದ್ದಾರಿಯಲ್ಲಿ 52. ಹಳೆಯ ಸಾಮಾನು ಅಂತ ಎಸೆಯುವವರು ಈ ಅಂಕಿ ನೋಡಬೇಕು.

ಅದನ್ನು ನೋಡಿಯೇ ಮೂರನೆಯದು ಹೊಳೆಯಿತು. ಎರಡು ಮೂತಿಯ ಹಳೆಯ ಡಬ್ಬಿ ಹುಡುಕಿ ತಂದೆ. ಪ್ರತಿ ಮೂತಿಗೂ ಮೂರು ಇಂಚಿನ ಬಾಗುವ ಕೊಳವೆ ಸಿಕ್ಕಿಸಿ, ರೇಡಿಯೇಟರ್‌ನ ಎರಡೂ ಪಕ್ಕದಿಂದ ಗ್ರಿಲ್ ಹಿಂದಕ್ಕೆ ಎಳೆದೆ. ಡೆಟ್ರಾಯಿಟ್‌ನ ಕಾರು ಕಂಪನಿಗಳಿಗೆ ಈ ಉಪಾಯ ಹಳೆಯದು. 1964ರ ಫೋರ್ಡ್ ಥಂಡರ್‌ಬೋಲ್ಟ್‌ನಲ್ಲಿ ಒಳಗಿನ ಎರಡು ಹೆಡ್‌ಲೈಟ್ ತೆಗೆದು ಅಲ್ಲಿಂದಲೇ ಕೊಳವೆ ಎಳೆದಿದ್ದರು. 1966ರ ಓಲ್ಡ್ಸ್‌ಮೊಬೈಲ್ ಡಬ್ಲ್ಯು-30ಕ್ಕೆ ಮುಂದಿನ ಬಂಪರ್ ಕಡೆಯಿಂದ ಗಾಳಿ ಬರುತ್ತಿತ್ತು.

ಟ್ರಾಫಿಕ್‌ನಲ್ಲಿ 56, ಹೆದ್ದಾರಿಯಲ್ಲಿ 44! ಹೊರಗಿನ ಗಾಳಿಗಿಂತ ಮೂರೇ ಡಿಗ್ರಿ ಹೆಚ್ಚು. ಎಲ್ಲ ಸೇರಿ ನೂರು ಡಾಲರ್ ಕೂಡ ಖರ್ಚಾಗಲಿಲ್ಲ. ಆದರೆ ಮೊದಲ ಸಲ ಬಟ್ಟೆ ಒಣಗಿಸುವ ಯಂತ್ರದ ತೆಳು ಅಲ್ಯೂಮಿನಿಯಂ ಕೊಳವೆ ಹಾಕಿದ್ದೆ. ಫ್ಯಾನ್ ಬೆಲ್ಟಿಗೆ ಉಜ್ಜಿ ಎರಡೇ ದಿನದಲ್ಲಿ ಹರಿಯಿತು. ತಂತಿ ಸುತ್ತಿದ ದಪ್ಪ ಕೊಳವೆಯನ್ನೇ ಹಾಕಿ, ಕ್ಲಾಂಪ್ ಬಿಗಿಯಾಗಿರಲಿ. ಕೊಳವೆಯ ಬಾಯಿ ನೇರ ರಸ್ತೆಗೆ ಮುಖ ಮಾಡಬಾರದು. ಇಲ್ಲಿ ಮಳೆಗಾಲದಲ್ಲಿ ಧೂಳಿನ ಗೋಡೆಯೇ ಎದ್ದು ಬರುತ್ತದೆ, ಹಿಂದೆಯೇ ಮಳೆ. ಬಾಯಿಯನ್ನು ಸ್ವಲ್ಪ ಮೇಲೆ, ತಗಡಿನ ಮರೆಯಲ್ಲಿ ಇಟ್ಟ ಮೇಲೆ ಫಿಲ್ಟರ್ ಒದ್ದೆಯಾಗಿಲ್ಲ.

ಗಾಳಿ ಒತ್ತಡದಿಂದ ಒಳಗೆ ನುಗ್ಗಿ ಶಕ್ತಿ ಬರುತ್ತದೆ ಅಂತ ಕೆಲವರು ಹೇಳುತ್ತಾರೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಆ ಒತ್ತಡ ವಾತಾವರಣದ ಒತ್ತಡದ ಶೇ ಅರ್ಧದಷ್ಟೂ ಇಲ್ಲ. ಲಾಭವೆಲ್ಲ ತಂಪಿನದು.

ನಾಲ್ಕನೆಯದು ಕೌಲ್ ಇಂಡಕ್ಷನ್ ಬಾನೆಟ್. 1970ರ ಎಸ್ಎಸ್ (ಸೂಪರ್ ಸ್ಪೋರ್ಟ್) ಷೆವೆಲ್‌ಗೆ ಕಂಪನಿಯೇ ಕೊಡುತ್ತಿದ್ದದ್ದು. ಕಾರು ಓಡುವಾಗ ಮುಂದಿನ ಗಾಜಿನ ಬುಡದಲ್ಲಿ ಗಾಳಿಯ ಒತ್ತಡ ಹೆಚ್ಚಿರುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಬಾನೆಟ್ ಹಿಂಭಾಗದ ಬಾಗಿಲು ತೆರೆದು ಆ ಗಾಳಿ ಕಾರ್ಬುರೇಟರ್‌ಗೆ ಇಳಿಯುತ್ತದೆ. ಗೆಳೆಯನೊಬ್ಬನ ಬಾನೆಟ್ಟನ್ನೂ ರಬ್ಬರ್ ಅಂಚಿನ ಅದರ ಫಿಲ್ಟರ್ ಡಬ್ಬಿಯನ್ನೂ ಒಂದು ವಾರಕ್ಕೆ ಕೇಳಿ ತಂದೆ. ಪರೀಕ್ಷೆಗಾಗಿ ಬಾಗಿಲನ್ನು ತೆರೆದೇ ಇಟ್ಟೆ. ಹೆದ್ದಾರಿಯಲ್ಲಿ 43, ಎಲ್ಲಕ್ಕಿಂತ ಕಡಿಮೆ. ಟ್ರಾಫಿಕ್‌ನಲ್ಲಿ ಮಾತ್ರ 60. ನಿಂತಾಗ ಬಾನೆಟ್ ಸಂದಿಯಿಂದ ಹೊರಬಂದ ಬಿಸಿಯನ್ನೇ ಅದು ಮತ್ತೆ ಎಳೆಯುತ್ತದೆ. ರಬ್ಬರ್ ಬಾನೆಟ್ಟಿಗೆ ಸರಿಯಾಗಿ ಅಂಟದಿದ್ದರೆ ಇಷ್ಟೂ ಖರ್ಚು ದಂಡ. ನಾನು ರಬ್ಬರ್ ಅಂಚಿಗೆ ಸೀಮೆಸುಣ್ಣ ಹಚ್ಚಿ ಬಾನೆಟ್ ಮುಚ್ಚಿದೆ. ಸುತ್ತಲೂ ಗುರುತು ಮೂಡಿದೆಯಾ ನೋಡಿಕೊಂಡೆ.

ಇನ್ನೊಂದು ಮಾತು ಹೇಳಲೇಬೇಕು. ಮೇಲಿನಿಂದ ತಂಪು ಗಾಳಿ ಕೊಟ್ಟರೂ ಕೆಳಗಿನಿಂದ ಕಾರ್ಬುರೇಟರ್ ಬೇಯುತ್ತಿರುತ್ತದೆ. ಚಳಿ ದೇಶಕ್ಕೆ ಬೇಕು ಅಂತ ಕಾರ್ಬುರೇಟರ್ ಕೂರುವ ಇಂಟೇಕ್ ಮ್ಯಾನಿಫೋಲ್ಡ್ ಒಳಗೇ ಸೈಲೆನ್ಸರ್ ಕಡೆಗೆ ಹೋಗುವ ಬಿಸಿ ಅನಿಲ ಹಾಯುವ ದಾರಿ ಇಟ್ಟಿದ್ದಾರೆ. ಎಥನಾಲ್ ಬೆರೆತ ಈಗಿನ ಪೆಟ್ರೋಲ್ ಅಲ್ಲಿ ಬೇಗ ಕುದಿಯುತ್ತದೆ. ಅಂಗಡಿಗೆ ಹೋಗಿ ಬಂದು ಚಾವಿ ತಿರುಗಿಸಿದರೆ ಕಾರು ಸ್ಟಾರ್ಟೇ ಆಗುತ್ತಿರಲಿಲ್ಲ, ನೆತ್ತಿ ಸುಡುವ ಬಿಸಿಲಲ್ಲಿ ಹೆಂಡತಿ ಮಕ್ಕಳೊಡನೆ ನಿಂತಿದ್ದೇನೆ. ಆ ದಾರಿ ಮುಚ್ಚುವ ಗ್ಯಾಸ್ಕೆಟ್ ಹಾಕಿ, ಕಾರ್ಬುರೇಟರ್ ಕೆಳಗೆ ಬಿಸಿ ತಡೆಯುವ ಅರ್ಧ ಇಂಚಿನ ಫೀನಾಲಿಕ್ ಹಲಗೆ ಇಟ್ಟೆ. ಅವತ್ತಿನಿಂದ ಆ ತೊಂದರೆ ಇಲ್ಲ. ದಿನನಿತ್ಯದ ಓಡಾಟಕ್ಕೆ ನಾಲ್ಕೂ ಜೋಡಣೆಗಿಂತ ದೊಡ್ಡ ನೆಮ್ಮದಿ ಇದೇ ಕೊಟ್ಟಿತು. ಆದರೆ ನನ್ನ ಕಾರಿನಲ್ಲಿ ಚೋಕ್ ತೆರೆಯುವುದು ಆ ದಾರಿಯ ಬಿಸಿಯಿಂದಲೇ, ಹಾಗಾಗಿ ಎಲೆಕ್ಟ್ರಿಕ್ ಚೋಕ್ ಹಾಕಬೇಕಾಯಿತು. ಹಿಮ ಬೀಳುವ ಫ್ಲ್ಯಾಗ್‌ಸ್ಟಾಫ್ ಕಡೆ ಚಳಿಗಾಲದಲ್ಲೂ ಓಡಿಸುವವರು ಆ ಬಿಸಿ ದಾರಿಯನ್ನು ಮುಚ್ಚಬೇಡಿ.

ತಂಪು ಗಾಳಿ ದಟ್ಟ, ಅದಕ್ಕೆ ಪೆಟ್ರೋಲೂ ಹೆಚ್ಚು ಬೇಕು; ಹಾಗಾಗಿ ಪೆಟ್ರೋಲ್ ಅಳತೆಯನ್ನೂ ನೋಡಿಕೊಳ್ಳಬೇಕು. ಈಗಿನ ಕಾರುಗಳಲ್ಲಿ ಕಂಪ್ಯೂಟರ್ ಸರಿಮಾಡಿಕೊಳ್ಳುತ್ತದೆ, ಕಾರ್ಬುರೇಟರ್‌ಗೆ ಅದು ಗೊತ್ತಾಗುವುದಿಲ್ಲ. ಸ್ಪಾರ್ಕ್ ಪ್ಲಗ್ ತೆಗೆದು ನೋಡಿದಾಗ ಬಿಳಿಚಿಕೊಂಡಿತ್ತು, ಅಂದರೆ ಪೆಟ್ರೋಲ್ ಸಾಲುತ್ತಿಲ್ಲ. ಕ್ವಾಡ್ರಾಜೆಟ್‌ನಲ್ಲಿ ಹಿಂದಿನ ಬಾಯಿಗಳಿಗೆ ಪೆಟ್ರೋಲ್ ಅಳೆದು ಬಿಡುವ ರಾಡ್‌ಗಳು ಮೇಲಿನ ಒಂದೇ ಸ್ಕ್ರೂನಲ್ಲಿ ಬಿಚ್ಚಿ ಬರುತ್ತವೆ. ಸ್ವಲ್ಪ ಹೆಚ್ಚು ಪೆಟ್ರೋಲ್ ಬಿಡುವ ಜೋಡಿ ಹಾಕಿದ ಮೇಲೆ ಏರಿನಲ್ಲಿ ಎಳೆತ ನಿಜವಾಗಿಯೂ ತಿಳಿಯಿತು.

ಎಸ್ಎಸ್ ಕಾರು ಇದ್ದು ಕೌಲ್ ಬಾನೆಟ್ ಮೊದಲೇ ಇದ್ದರೆ ಅದನ್ನೇ ಸರಿಮಾಡಿಸಿ. ನನ್ನಂತೆ ಸಾದಾ ಮಾಲಿಬು ಇದ್ದರೆ ಆ ದುಡ್ಡು ಹಾಕಬೇಡಿ. ಭಾನುವಾರ ಗೆಳೆಯನ ಬಾನೆಟ್ ಹಿಂದಿರುಗಿಸಿ, ಎರಡು ಮೂತಿಯ ಡಬ್ಬಿಯನ್ನೇ ಮತ್ತೆ ಕೂರಿಸಿದೆ.