ಕ್ರಾಸ್‌ಕೋಡ್ ಕೊಳ್ಳುವ ಮೊದಲು ಇದನ್ನು ಓದಿ

ಕ್ರಾಸ್‌ಕೋಡ್ ಕಾದಾಟದ ಜೊತೆ ಪಜಲ್ (ಒಗಟು) ತುಂಬಿದ ವಿಡಿಯೊ ಗೇಮ್. ಅದರ ಫೈಟ್ ವಿಡಿಯೊ ನೋಡಿ ಮನಸೋತು ಕೊಂಡು, ಎರಡನೇ ಡಂಜನ್‌ನಲ್ಲಿ (ಪಜಲ್‌ಗಳೇ ತುಂಬಿದ ದೊಡ್ಡ ಹಂತ) ಸುಸ್ತಾಗಿ ಕೈಬಿಟ್ಟವರಿದ್ದಾರೆ. ದುಡ್ಡು ವಾಪಸ್ ಕೇಳಬಹುದಾದ ಅವಧಿಯೊಳಗೆ ಈ ಗೇಮ್‌ನ ನಿಜವಾದ ಸ್ವಭಾವ ಗೊತ್ತೇ ಆಗಿರುವುದಿಲ್ಲ. ಪಿಸಿ ಗೇಮ್ ಮಾರುವ ಸ್ಟೀಮ್ ಅಂಗಡಿಯಲ್ಲಿ ರೀಫಂಡ್ ಬೇಕಿದ್ದರೆ ಕೊಂಡ 14 ದಿನದೊಳಗೆ ಕೇಳಬೇಕು, ಆಡಿದ್ದು 2 ಗಂಟೆ ಮೀರಿರಬಾರದು. ಆ 2 ಗಂಟೆ ಹಡಗಿನ ಮೇಲಿನ ಆರಂಭ, ರೂಕಿ ಹಾರ್ಬರ್ ಊರು, ಆಟಮ್ಸ್ ರೈಸ್ ಪ್ರದೇಶದ ಸಲೀಸಾದ ಕಾದಾಟಗಳಲ್ಲೇ ಕಳೆದುಹೋಗುತ್ತದೆ. ಮೊದಲ ದೊಡ್ಡ ಡಂಜನ್ ಟೆಂಪಲ್ ಮೈನ್ ಬರುವಷ್ಟರಲ್ಲಿ ಗಡುವು ಮುಗಿದಿರುತ್ತದೆ.

ಕಷ್ಟ ಶುರುವಾಗುವುದು ಮರೂನ್ ವ್ಯಾಲಿ ಪ್ರದೇಶದ ಎರಡನೇ ಡಂಜನ್ ಫಾಜ್ರೊ ಟೆಂಪಲ್‌ನಲ್ಲಿ. ನೀವು ಎಸೆಯುವ ಚೆಂಡಿಗೆ ಹೀಟ್ (ಬಿಸಿ), ಕೋಲ್ಡ್ (ತಂಪು) ಎಂಬ ಎಲಿಮೆಂಟ್ ಶಕ್ತಿ ಕೊಡಬಹುದು: ನೀರಿನ ಗುಳ್ಳೆಗೆ ಕೋಲ್ಡ್ ಚೆಂಡು ತಾಗಿದರೆ ಮಂಜುಗಡ್ಡೆಯ ಬಿಲ್ಲೆ, ಹೀಟ್ ತಾಗಿದರೆ ಹಬೆ. ಇದನ್ನು ಗೋಡೆಗೆ ಪುಟಿಸುವ ಕೋನದ ಜೊತೆ, ಸರಿಯಾದ ಕ್ಷಣಕ್ಕೆ ಮಾಡಬೇಕು. ಉತ್ತರ ಬೇಗ ಹೊಳೆಯುತ್ತದೆ, ಕೈ ಮಾತ್ರ ಕೇಳುವುದಿಲ್ಲ. ಅರ್ಧ ಸೆಕೆಂಡ್ ತಡವಾದರೂ ಇಡೀ ಸರಣಿ ಮೊದಲಿನಿಂದ. ಬುದ್ಧಿ ಸೋತಾಗ ಆಗದ ಬೇಸರ ಇಲ್ಲಿ ಆಗುತ್ತದೆ. ಅದನ್ನು ಮುಗಿಸಿ ಗಾಯಾಸ್ ಗಾರ್ಡನ್ ಪ್ರದೇಶಕ್ಕೆ ಬಂದರೆ ಇನ್ನೂ ಎರಡು ಟೆಂಪಲ್, ಬೆನ್ನು ಬೆನ್ನಿಗೆ. ಯಾವುದನ್ನು ಮೊದಲು ಮಾಡಬೇಕೆಂಬ ಆಯ್ಕೆ ನಿಮ್ಮದು, ಆದರೆ ಎರಡನ್ನೂ ಮಾಡಲೇಬೇಕು.

ಹೆಚ್ಚಿನವರು ಎಡವುವುದು ಚೆಂಡಿನ ಗುರಿ ಹಿಡಿಯುವುದರಲ್ಲಿ. ಪೂರ್ತಿ ಚಾರ್ಜ್ ಆಗದ ಚೆಂಡು ಗೋಡೆಗೆ ಪುಟಿಯುವುದಿಲ್ಲ. ಮೊದಲು ಕೋನ ಹಿಡಿದು, ಗುರಿಯ ಗೆರೆಗಳು ಒಂದಾಗುವವರೆಗೆ ಕೈ ಅಲುಗಿಸದೆ ನಿಂತು, ಆಮೇಲೆ ಬಿಡಿ. ಪಿಸಿಯಲ್ಲಿ ಆಡುವವರಿಗೆ ಕಂಟ್ರೋಲರ್‌ಗಿಂತ ಮೌಸ್ ಎಷ್ಟೋ ವಾಸಿ. ಅಷ್ಟಾದರೂ ಆಗದಿದ್ದರೆ ಆಪ್ಷನ್ಸ್‌ನಲ್ಲಿ ಅಸಿಸ್ಟ್ ಭಾಗಕ್ಕೆ ಹೋಗಿ ಪಜಲ್ ಸ್ಪೀಡ್ ಇಳಿಸಿ. ಬೀಳುವ ಏಟು, ಶತ್ರುಗಳು ಪದೇಪದೇ ಮೇಲೆರಗುವುದು ಎರಡನ್ನೂ ಅಲ್ಲೇ ಬೇರೆಬೇರೆಯಾಗಿ ತಗ್ಗಿಸಬಹುದು. ಹಾಗಾಗಿ ಫೈಟ್ ಪೂರ್ತಿ ಕಷ್ಟದಲ್ಲೇ ಇಟ್ಟುಕೊಂಡು ಪಜಲ್ ಒಂದನ್ನೇ ಸಡಿಲಿಸಲು ಅಡ್ಡಿಯಿಲ್ಲ. ಇದನ್ನು ಮಾಡಲು ಸಂಕೋಚ ಬೇಡ.

ಹೊರಗಿನ ನಕ್ಷೆಯಲ್ಲಿ ಇನ್ನೊಂದು ತೊಡಕಿದೆ: ಮೇಲಿನಿಂದ ನೋಡುವ ಚಿತ್ರಣದಲ್ಲಿ ಯಾವ ಕಟ್ಟೆ ಎಷ್ಟು ಎತ್ತರ ಎಂದು ತಿಳಿಯುವುದೇ ಇಲ್ಲ. ಕಣ್ಣೆದುರಿನ ಪೆಟ್ಟಿಗೆಗೆ ಹೋಗುವ ದಾರಿ ಎರಡು ಪರದೆ ಆಚೆ ಶುರುವಾಗಿರುತ್ತದೆ. ಒಳ್ಳೆಯ ಆಯುಧಗಳು ಬಹಳಷ್ಟು ದುಡ್ಡಿಗಷ್ಟೇ ಸಿಗುವುದಿಲ್ಲ, ಗಿಡ ಕಡಿದು, ಪ್ರಾಣಿ ಬೇಟೆಯಾಡಿ ಸಾಮಾನು ಕೂಡಿಹಾಕಿ ಅದಲುಬದಲು ಮಾಡಬೇಕು.

ಇಷ್ಟೆಲ್ಲ ಹೇಳಿದರೂ ಇದರ ಕಾದಾಟಕ್ಕೆ ಸಾಟಿ ಕಡಿಮೆ. ಎಲಿಮೆಂಟ್ ಅತಿಯಾಗಿ ಬಳಸಿದರೆ ಓವರ್‌ಲೋಡ್ ಆಗಿ ಸ್ವಲ್ಪ ಹೊತ್ತು ಕೈತಪ್ಪುತ್ತದೆ, ಅದರಿಂದ ಒಂದೇ ಬಟನ್ ಒತ್ತಿ ಗೆಲ್ಲಲಾಗದು. ಹೆಚ್ಚುಕಡಿಮೆ ಮಾತೇ ಬರದ ನಾಯಕಿ ಲಿಯಾ ಬಹುಪಾಲು ಮುಖಭಾವದಲ್ಲೇ ಕಥೆ ಹೊರುವ ರೀತಿ, ಡೆನಿಜ್ ಅಕ್‌ಬುಲುತ್ ಸಂಗೀತ, ಎರಡೂ ಮನಸ್ಸಿಗೆ ಹಿಡಿಸುತ್ತವೆ.

ಕೊಳ್ಳುವ ಮೊದಲು ಫೈಟ್ ತುಣುಕುಗಳನ್ನಲ್ಲ, ಫಾಜ್ರೊ ಟೆಂಪಲ್‌ನ ಕತ್ತರಿ ಹಾಕದ ವಿಡಿಯೊವನ್ನು ಕಾಲು ಗಂಟೆ ನೋಡಿ. ಆಡುವವರು ಕೋಣೆಗೆ ಬಂದ ಕೂಡಲೇ ವಿಡಿಯೊ ನಿಲ್ಲಿಸಿ ನೀವೇ ಬಿಡಿಸಬೇಕು ಅನ್ನಿಸಿದರೆ ಕೊಳ್ಳಿ. ಮುಂದಕ್ಕೆ ಓಡಿಸಬೇಕು ಅನ್ನಿಸಿದರೆ ಬೇಡ.